ಹಾಲುತುಪ್ಪದ ಬೆಳಿಗ್ಗೆ

ನಮ್ಮ ತಾತ ಚೌರಪ್ಪನವರನ್ನು ನಿದ್ದೆಯಿಂದ ಎಬ್ಬಿಸುವುದು ನಮ್ಮ ಮನೆಯಲ್ಲಿ ದಿನದ ಮೊದಲ ಕೆಲಸ. ಬಾಗಿಲಿಗೆ ನೀರು ಹಾಕುವುದು, ಹಸು ಕರೆಯುವುದು, ಒಲೆ ಹಚ್ಚುವುದು ಎಲ್ಲ ಆಮೇಲೆ. ಎಬ್ಬಿಸುವ ಕೆಲಸ ಅಜ್ಜಿಯದು. ಅವಳು ಮೊದಲು ಒಳಗಿನಿಂದಲೇ ಒಂದು ಕೂಗು ಹಾಕುತ್ತಿದ್ದಳು. ಆಮೇಲೆ ಜಗಲಿಗೆ ಬಂದು ಚಾಪೆಯ ಪಕ್ಕ ನಿಂತು, ಊರಲ್ಲಿ ಆಗಲೇ ಎದ್ದು ಹೊಲಕ್ಕೆ ಹೋದವರ ಹೆಸರುಗಳನ್ನೆಲ್ಲ ಹೇಳುತ್ತಿದ್ದಳು. ಕೊನೆಗೆ ಕಂಬಳಿಯ ತುದಿ ಹಿಡಿದು ಎಳೆಯುತ್ತಿದ್ದಳು. ತಾತ ಕಣ್ಣು ಬಿಡದೆಯೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು. ಇಂಥವನು ಆಗಲೇ ನೇಗಿಲು ಹೂಡಿದ ಅಂದರೆ, ಪಾಪ ಅವನಿಗೆ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು. ಇಂಥವನು ಸಗಣಿ ಬಾಚಿ ಮುಗಿಸಿದ ಅಂದರೆ, ಅವನ ಹೆಂಡತಿ ಒಳ್ಳೆಯವಳು, ಮೆತ್ತಗೆ ಎಬ್ಬಿಸುತ್ತಾಳೆ ಅನ್ನುತ್ತಿದ್ದರು. ಆ ನಿದ್ದೆಗೆ ಕಾರಣವಿತ್ತು. ನಮ್ಮದು ಕಂಪಲಾಪುರದಿಂದ ಒಳಕ್ಕೆ ಹೋದರೆ ಸಿಗುವ ಹೊಗೆಸೊಪ್ಪಿನ ಊರು. ಹಿತ್ತಲಲ್ಲಿ ಸೊಪ್ಪು ಹದ ಮಾಡುವ ಬ್ಯಾರನ್ ಇತ್ತು, ಮನೆಗಿಂತ ಎತ್ತರದ ಇಟ್ಟಿಗೆಯ ಕೋಣೆ. ಮಳೆಗಾಲದಲ್ಲಿ ಅದರ ಒಲೆಗೆ ಬೆಂಕಿ ಹಾಕಿದರೆ ಸೊಪ್ಪು ಹಳದಿಗೆ ತಿರುಗಿ ಒಣಗುವವರೆಗೆ ರಾತ್ರಿಯಿಡೀ ಒಬ್ಬರು ಕೂತು ಸೌದೆ ನೂಕಬೇಕು. ಆ ಒಬ್ಬರು ಯಾವಾಗಲೂ ತಾತ. ಮಳೆಗಾಲದ ನಿದ್ದೆಯನ್ನು ಅವರು ವರ್ಷವೆಲ್ಲ ತೀರಿಸಿಕೊಳ್ಳುತ್ತಿದ್ದರು.

ವರ್ಷದಲ್ಲಿ ಒಂದು ದಿನ ಮಾತ್ರ ಇದು ತಿರುಗುಮುರುಗಾಗುತ್ತಿತ್ತು. ಅದು ಪಾಸ್ಕ ಹಬ್ಬದ ದಿನ, ಯೇಸುಸ್ವಾಮಿ ಸತ್ತವರೊಳಗಿಂದ ಎದ್ದ ದಿನ. ಅಂದು ತಾತ ಎಲ್ಲರಿಗಿಂತ ಮೊದಲು ಎದ್ದು, ನಮ್ಮೂರ ಚಿಕ್ಕ ಗುಡಿಯಲ್ಲಿ ನಸುಕಿನ ಪೂಜೆ ಮುಗಿಸಿ ಬಂದು, ಮೈಮೇಲಿನ ಬಿಳಿ ಪಂಚೆ ಬದಲಿಸದೆ, ಮನೆಯ ಸುತ್ತ ಹೊರಡುತ್ತಿದ್ದರು. ನನ್ನ ಕೈ ಅವರ ಕೈಯಲ್ಲಿರುತ್ತಿತ್ತು. ಮನೆಯಲ್ಲಿ ಇರುವ ಎಲ್ಲದಕ್ಕೂ, ಜೀವ ಇರಲಿ ಇಲ್ಲದಿರಲಿ, ಆ ಸುದ್ದಿಯನ್ನು ಅವರೇ ಹೇಳಬೇಕಿತ್ತು. ಮೊದಲು ಒಲೆಗೆ, ಆಮೇಲೆ ಒರಳಿಗೆ, ಆಮೇಲೆ ಕೊಟ್ಟಿಗೆಯ ಹಸುಗಳಿಗೆ ಒಂದೊಂದರ ಕಿವಿಯಲ್ಲಿ. ಕೋಳಿಗಳಿಗೆ ಒಟ್ಟಿಗೆ ಹೇಳಿದರೆ ಸಾಕು, ಅವಕ್ಕೆ ಆಗಲೇ ಗೊತ್ತಿರುತ್ತದೆ ಅನ್ನುತ್ತಿದ್ದರು. ಹಿತ್ತಲ ಹಲಸಿನ ಮರದ ಬೊಡ್ಡೆ ತಟ್ಟಿ ಹೇಳುತ್ತಿದ್ದರು. ಕೊನೆಗೆ ಬ್ಯಾರನ್. ಬೇಸಿಗೆಯಲ್ಲಿ ಅದು ಖಾಲಿ. ಅದರ ಗಿಡ್ಡ ಬಾಗಿಲು ತೆಗೆದು, ತಲೆ ಬಗ್ಗಿಸಿ ಒಳಗೆ ನುಗ್ಗಿ, ಕತ್ತಲಲ್ಲಿ ಮೇಲಕ್ಕೆ ಮುಖ ಎತ್ತಿ ತಾತ ಕೂಗುತ್ತಿದ್ದರು.

"ಎದ್ದವ್ರೆ ಕಣ್ರಪ್ಪೋ, ಸ್ವಾಮಿ ಎದ್ದವ್ರೆ."

ಬ್ಯಾರನ್ನಿನ ಗೋಡೆಗಳು ಅದನ್ನೇ ತಿರುಗಿ ಹೇಳುತ್ತಿದ್ದವು. ನೋಡಿದೆಯಾ, ಇದೂ ಒಪ್ಪಿಕೊಂಡಿತು ಎಂದು ತಾತ ನನ್ನ ಕಡೆ ನೋಡುತ್ತಿದ್ದರು. ಅಲ್ಲಿಂದ ಹೊರಗೆ ಬಂದು ಪಕ್ಕದ ಮನೆಯ ಗೋಡೆಯ ಹತ್ತಿರ ಹೋಗುತ್ತಿದ್ದೆವು. ಆ ಮಣ್ಣಿನ ಗೋಡೆ ಒಂದು ಕಡೆ ಕುಸಿದು ಸೊಂಟದೆತ್ತರಕ್ಕೆ ಬಂದಿತ್ತು. ಯಾರೂ ಅದನ್ನು ಸರಿ ಮಾಡಿಸಿರಲಿಲ್ಲ, ಯಾಕೆಂದರೆ ಎರಡೂ ಮನೆಯ ಸಾರು, ಸುದ್ದಿ, ಮೊರ, ಜರಡಿ ಓಡಾಡುತ್ತಿದ್ದದ್ದು ಅಲ್ಲಿಂದಲೇ. ಆಚೆ ಕಡೆ ಕೆಂಪಮ್ಮ ಇರುತ್ತಿದ್ದಳು. ಅವಳದು ಹಿಂದೂಗಳ ಮನೆ, ನಮಗಿಂತ ಜಾಸ್ತಿ ಹೊಲ ಇದ್ದವರು. ಯುಗಾದಿಯಲ್ಲಿ ಅವಳ ಹೋಳಿಗೆ ಆ ಕುಸಿದ ಜಾಗದಿಂದ ಈಚೆ ಬರುತ್ತಿತ್ತು, ಪಾಸ್ಕದಲ್ಲಿ ನಮ್ಮ ಬಾಡಿನ ಸಾರು ಆಚೆ ಹೋಗುತ್ತಿತ್ತು. ತಾತ ಅವಳಿಗೂ ಅದೇ ಸುದ್ದಿ ಹೇಳುತ್ತಿದ್ದರು. ಅವಳು ಗುಡಿಸುವುದನ್ನು ನಿಲ್ಲಿಸದೆ ಪ್ರತಿ ವರ್ಷ ಒಂದೇ ಉತ್ತರ ಕೊಡುತ್ತಿದ್ದಳು.

"ಗೊತ್ತು ಬುಡಣ್ಣ. ವೋದ್ವರ್ಸಾನೂ ಎದ್ದಿದ್ರಲ್ಲ."

ತಾತನಿಗೆ ಆ ಉತ್ತರ ಕೇಳದಿದ್ದರೆ ಹಬ್ಬ ಆದ ಹಾಗಲ್ಲ.

ಸುದ್ದಿ ತಾತನದಾದರೆ ಕಥೆ ಅಜ್ಜಿಯದು. ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ನಮ್ಮ ಮನೆಯಲ್ಲಿ ಬಾಡಿಲ್ಲ, ತಲೆಗೆ ಹೂವಿಲ್ಲ. ಸಂಜೆ ಜಪಸರ ಮುಗಿದ ಮೇಲೆ ಅಜ್ಜಿ ಗೋಡೆಗೊರಗಿ ಕಾಲು ಚಾಚಿ ಸ್ವಾಮಿಯ ಪಾಡನ್ನು ಹೇಳುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಗುಡಿಯಲ್ಲಿ ಕೇಳಿದ್ದನ್ನು ಅವಳು ನಮ್ಮೂರಲ್ಲಿ ನಡೆದದ್ದರ ಹಾಗೆ ಹೇಳುತ್ತಿದ್ದಳು. ಸ್ವಾಮಿಯನ್ನು ಹೂಳಿಟ್ಟ ಮೂರನೇ ದಿನ ಹೆಂಗಸರು ಸುಗಂಧ ತೈಲ ತೆಗೆದುಕೊಂಡು ಸಮಾಧಿಗೆ ಹೋದದ್ದು ಅವಳ ಬಾಯಲ್ಲಿ ಹೀಗೆ ಬರುತ್ತಿತ್ತು.

"ಮೂರ್ನೇ ದಿನ ವತ್ತಾರೆ ಆ ಹೆಣ್ಮಕ್ಳು ಹಾಲುತುಪ್ಪಕ್ಕೆ ವೋದ್ರು ಕಣವ್ವ. ದಾರೀಲೆಲ್ಲ ಒಂದೇ ಯೋಚ್ನೆ, ಸಮಾಧಿ ಬಾಯ್ಗಿಟ್ಟಿರೋ ಆ ಕಲ್ಲ ಉರುಳ್ಸೋರ್ಯಾರು ಅಂತ. ವೋಗಿ ನೋಡುದ್ರೆ ಕಲ್ಲು ಆಗ್ಲೇ ಪಕ್ಕಕ್ಕೋಗದೆ. ಒಳಗ್ಯಾರೂ ಇಲ್ಲ. ಮರಿಯಮ್ಮ ಅಳ್ತಾ ಕೂತವ್ಳೆ. ಇಂದ್ಗಡೆಯಿಂದ ಸ್ವಾಮಿ ಅವಳೆಸ್ರಿಡ್ದು ಕರುದ್ರು."

ಹಾಲುತುಪ್ಪ ಅಂದರೆ ನಮ್ಮ ಕಡೆ ಸತ್ತವರನ್ನು ಮಣ್ಣು ಮಾಡಿದ ಮೂರನೇ ದಿನದ ಶಾಸ್ತ್ರ. ಮನೆಯವರು ಸಮಾಧಿಗೆ ಹೋಗಿ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದ ತಿಂಡಿ ಇಟ್ಟು ಬರುತ್ತಾರೆ. ಕೆಂಪಮ್ಮನ ಮನೆಯವರಿಗೂ ಇತ್ತು, ನಮಗೂ ಇತ್ತು. ದೇವರು ಬೇರೆಯಾದ ಮೇಲೂ ಇಂಥವು ನಮ್ಮಲ್ಲಿ ಉಳಿದುಕೊಂಡಿದ್ದವು, ಗುಡಿಯ ಸ್ವಾಮಿಗಳೂ, ಅಂದರೆ ಪಾದ್ರಿಗಳೂ, ಬೇಡ ಅನ್ನುತ್ತಿರಲಿಲ್ಲ. ಮಕ್ಕಳನ್ನು ಮಾತ್ರ ಕರೆದುಕೊಂಡು ಹೋಗುತ್ತಿರಲಿಲ್ಲ. ಆದ್ದರಿಂದ ಹಾಲುತುಪ್ಪದ ಬಗ್ಗೆ ನನಗೆ ಗೊತ್ತಿದ್ದದ್ದು ಅಜ್ಜಿಯ ಕಥೆಯಷ್ಟೇ. ಅದರಿಂದ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ, ಅದನ್ನು ಯಾರ ಹತ್ತಿರವೂ ಕೇಳಿ ನೋಡಿರಲಿಲ್ಲ. ಮೂರನೇ ದಿನ ಎಲ್ಲರೂ ತಮ್ಮ ತಮ್ಮ ಮನೆಯವರು ಎದ್ದಿದ್ದಾರಾ ಎಂದು ನೋಡಲು ಹೋಗುತ್ತಾರೆ ಎಂದು ನಾನು ತಿಳಿದಿದ್ದೆ.

ತಾತ ತೀರಿಕೊಂಡದ್ದು ಪಾಸ್ಕಕ್ಕೆ ಮುಂಚಿನ ಗುರುವಾರ. ಅಂದು ಸಂಜೆ ಗುಡಿಯಲ್ಲಿ, ಯೇಸುಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದ ನೆನಪಿಗೆ, ಹನ್ನೆರಡು ಜನರ ಕಾಲು ತೊಳೆಯುವ ಶಾಸ್ತ್ರ. ಪೇಟೆಯಿಂದ ಬರುವ ಸ್ವಾಮಿಗಳು ಆ ವರ್ಷ ತಾತನನ್ನೂ ಹನ್ನೆರಡರಲ್ಲಿ ಸೇರಿಸಿದ್ದರು. ತಾತನಿಗೆ ಬಹಳ ಸಂಕೋಚವಾಗಿತ್ತು. ಸ್ವಾಮಿಗಳ ಕೈಗೆ ಹೊಗೆಸೊಪ್ಪಿನ ಅಂಟು ಹತ್ತಬಾರದು ಎಂದು ಬೆಳಿಗ್ಗೆ ಬಚ್ಚಲಲ್ಲಿ ಕೂತು ತೆಂಗಿನ ನಾರಿನಿಂದ ಪಾದ ಉಜ್ಜಿಕೊಂಡರು. ತೊಳೆಯಬೇಕಾದ್ದನ್ನೆಲ್ಲ ನೀವೇ ತೊಳೆದರೆ ಸ್ವಾಮಿಗಳಿಗೇನು ಉಳಿಯುತ್ತದೆ ಎಂದು ಅಜ್ಜಿ ಒಳಗಿನಿಂದ ಕೇಳಿದಳು. ತಾತ ತಮ್ಮ ತೊಗಲಿನ ಚಪ್ಪಲಿಗೂ ಹರಳೆಣ್ಣೆ ಒರೆಸಿ ಬಾಗಿಲ ಪಕ್ಕ ಹೊರಗಡೆಗೆ ಮುಖ ಮಾಡಿ ಇಟ್ಟರು. ಮಧ್ಯಾಹ್ನ ಗಂಜಿ ಕುಡಿದು ಜಗಲಿಯಲ್ಲಿ ಮಲಗಿದರು.

ಮುಂದಿನದನ್ನು ನಾನು ಕಂಡ ಹಾಗೆ ಹೇಳುತ್ತೇನೆ. ನಾನು ಜಗಲಿಯ ಕಂಬಕ್ಕೆ ಒರಗಿ ಹುಣಸೆ ಬೀಜದಲ್ಲಿ ಆಡುತ್ತಿದ್ದೆ. ಹೊತ್ತು ಇಳಿದಾಗ ಅಜ್ಜಿ ಒಳಗಿನಿಂದ ಕೂಗಿದಳು. ಆಮೇಲೆ ಹೊರಗೆ ಬಂದು ಚಾಪೆಯ ಪಕ್ಕ ನಿಂತು, ಆಗಲೇ ಗುಡಿಗೆ ಹೊರಟವರ ಹೆಸರುಗಳನ್ನು ಹೇಳಿದಳು. ತಾತ ಉತ್ತರ ಕೊಡಲಿಲ್ಲ. ಇವತ್ತು ಹೊಸ ಆಟ ಹೂಡಿದ್ದಾರೆ ಎಂದು ನನಗೆ ನಗು ಬಂತು. ಅಜ್ಜಿಗೂ ಹಾಗೇ ಅನ್ನಿಸಿರಬೇಕು.

"ಸ್ವಾಮ್ಗಳು ಚೊಂಬಿಡ್ಕಂಡು ನಿಮ್ ಕಾಲ್ಗೆ ಕಾಯ್ಬೇಕಾ? ಏಳೀ ಅತ್ಲಾಗೆ. ಸತ್ತೋದವ್ರಂಗೆ ಬಿದ್ಕಂಡವ್ರೆ."

ಹೀಗೆ ಅಂದು ಅವಳು ಕಂಬಳಿಯ ತುದಿ ಎಳೆದಳು. ಎದೆಯ ಮೇಲಿದ್ದ ತಾತನ ಕೈ ಜಾರಿ ನೆಲಕ್ಕೆ ಬಿತ್ತು. ಅಂಗೈ ಮೇಲಾಗಿ ಬಿತ್ತು, ಹಾಗೇ ಇತ್ತು. ನಾನು ಇನ್ನೂ ನಗುತ್ತಿದ್ದೆ. ಅಜ್ಜಿಯ ಮುಖ ನೋಡಿದ ಮೇಲೆ ನಿಲ್ಲಿಸಿದೆ. ಅವಳು ಕಂಬಳಿಯನ್ನು ಬಿಡದೆ ಮೆಲ್ಲಗೆ ಕೂತಳು. ಅವ್ವ ಓಡಿ ಬಂದಳು, ಗೋಡೆಯ ಕುಸಿದ ಜಾಗ ದಾಟಿ ಕೆಂಪಮ್ಮ ಬಂದಳು. ಅಪ್ಪನನ್ನು ಕರೆಯಲು ಯಾರೋ ಸಸಿಮಡಿಯ ಕಡೆಗೆ ಓಡಿದರು. ಅಜ್ಜಿ ಅಳಲಿಲ್ಲ. ಬೈಯುತ್ತಾ ಇದ್ದೆನಲ್ಲ, ಸತ್ತವರ ಪಕ್ಕ ನಿಂತುಕೊಂಡು ಬೈಯುತ್ತಾ ಇದ್ದೆನಲ್ಲ ಎಂದು ಬಂದವರಿಗೆಲ್ಲ ಹೇಳಿದಳು. ಆಮೇಲೆ ಅದನ್ನೂ ಹೇಳಲಿಲ್ಲ. ಅವಳ ಬಾಯಿ ಮುಚ್ಚಿತು.

ಮಾರನೆಯ ದಿನ ಶುಭ ಶುಕ್ರವಾರ, ಯೇಸುಸ್ವಾಮಿ ಶಿಲುಬೆಯ ಮೇಲೆ ಸತ್ತ ದಿನ. ಆ ದಿನ ಪೂಜೆಯಿಲ್ಲ, ಗುಡಿಯ ಗಂಟೆಯನ್ನೂ ಬಾರಿಸುವಂತಿಲ್ಲ. ಊರಲ್ಲಿ ಯಾರು ಸತ್ತರೂ ಬಾರಿಸುವ ಗಂಟೆ ತಾತನಿಗೆ ಬಾರಿಸಲಿಲ್ಲ. ಮರದ ಹಲಗೆ ತಟ್ಟುತ್ತಾ, ಪ್ರಾರ್ಥನೆ ಹೇಳುತ್ತಾ ಹೊತ್ತುಕೊಂಡು ಹೋದರು. ಕೆ.ಆರ್. ನಗರದಿಂದ ಬಂದಿದ್ದ ತಾತನ ಅಕ್ಕ, ನಾವು ದೊಡ್ಡಜ್ಜಿ ಅನ್ನುತ್ತಿದ್ದವಳು, ನನ್ನ ತಮ್ಮನಿಗೆ ಗಂಟೆಯೂ ಇಲ್ಲದೆ ಹೋಯಿತಲ್ಲ ಎಂದು ಬಾಗಿಲಲ್ಲಿ ನಿಂತು ಅತ್ತಳು. ನನ್ನನ್ನು ಮನೆಯಲ್ಲೇ ಬಿಟ್ಟರು. ಸಾವಿನ ಮನೆಯಾದ್ದರಿಂದ ನಮ್ಮ ಒಲೆ ಹಚ್ಚಲಿಲ್ಲ. ಕೆಂಪಮ್ಮ ಎರಡು ಹೊತ್ತೂ ಮುದ್ದೆ, ಸೊಪ್ಪಿನ ಸಾರು ಮಾಡಿ ಗೋಡೆಯ ಮೇಲಿಂದ ಕೊಟ್ಟಳು. ಅಜ್ಜಿ ಉಣ್ಣಲಿಲ್ಲ. ಜಗಲಿಯಲ್ಲಿ ತಾತನ ಚಾಪೆಯಿದ್ದ ಜಾಗಕ್ಕೆ ಬೆನ್ನು ಮಾಡಿ ಕೂತಿದ್ದಳು.

ಶನಿವಾರ ದೊಡ್ಡವರೊಳಗೆ ಮಾತು ಬಂತು. ಶುಕ್ರವಾರ ಮಣ್ಣು ಮಾಡಿದ್ದರಿಂದ ಮೂರನೇ ದಿನ ಭಾನುವಾರಕ್ಕೆ ಬೀಳುತ್ತಿತ್ತು, ಅಂದರೆ ಪಾಸ್ಕ ಹಬ್ಬದ ದಿನಕ್ಕೆ. ಹಬ್ಬದ ದಿನ ಸಮಾಧಿಗೆ ಅಳುತ್ತಾ ಹೋಗುವುದು ಹೇಗೆ, ಹಾಲುತುಪ್ಪವನ್ನು ಮುಂದಕ್ಕೆ ಹಾಕೋಣ ಎಂದು ಅಪ್ಪ ಅಂದ. ಸತ್ತವರ ದಿನ ತಪ್ಪಿಸಿದರೆ ಬದುಕಿರುವವರಿಗೆ ಒಳ್ಳೆಯದಲ್ಲ ಎಂದು ದೊಡ್ಡಜ್ಜಿ ಅಂದಳು. ಹಾಗಾದರೆ ಹಬ್ಬದ ಗತಿ ಏನು ಎಂದು ಅವ್ವ ಕೇಳಿದಳು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಗುರುವಾರದಿಂದ ಮುಚ್ಚಿದ್ದ ಬಾಯಿ ಅವಳು ಆಗ ತೆರೆದಳು.

"ಹಾಲುತುಪ್ಪ ನಾಳೀಕೇ ಮಾಡನ. ಹಬ್ಬ ಬ್ಯಾಡ. ಸುದ್ದಿ ಹೇಳೋರೇ ಇಲ್ಲ, ನಮ್ಮನೇಲೇನು ಹಬ್ಬ."

ಅದೇ ತೀರ್ಮಾನವಾಯಿತು. ನನಗೆ ಮಾತ್ರ ಇವರೆಲ್ಲ ಯಾಕೆ ಹೀಗಿದ್ದಾರೆ ಎಂದು ಅರ್ಥವಾಗಲಿಲ್ಲ. ಶುಕ್ರವಾರ ಹೂಳಿಟ್ಟಿದ್ದಾರೆ, ಭಾನುವಾರ ಮೂರನೇ ದಿನ. ಸ್ವಾಮಿಗಾದ ಹಾಗೇ, ಅದೇ ದಿನ, ಅದೇ ಲೆಕ್ಕ. ತಾತ ಎದ್ದು ಬಂದಾಗ ಮನೆಯಲ್ಲಿ ಒಲೆಯೂ ಹಚ್ಚಿರುವುದಿಲ್ಲ, ಬಾಡೂ ಇರುವುದಿಲ್ಲ ಅನ್ನುವುದೊಂದೇ ನನ್ನ ಚಿಂತೆ. ಬಾಗಿಲ ಪಕ್ಕ ಹರಳೆಣ್ಣೆ ಒರೆಸಿದ್ದ ಚಪ್ಪಲಿ ಹಾಗೇ ಇತ್ತು. ತಾತನನ್ನು ಬರಿಗಾಲಲ್ಲಿ ಕಳಿಸಿದ್ದರು. ಸಮಾಧಿ ಇದ್ದದ್ದು ಕೆರೆ ಏರಿಯ ಆಚೆ, ದಾರಿಯುದ್ದಕ್ಕೂ ಜಾಲಿ ಮುಳ್ಳು. ಯಾರೂ ನೋಡದಾಗ ನಾನು ಚಪ್ಪಲಿಯನ್ನು ನನ್ನ ಶಾಲೆಯ ಬಟ್ಟೆ ಚೀಲಕ್ಕೆ ಹಾಕಿಟ್ಟೆ. ಆಮೇಲೆ ಗೋಡೆಯ ಹತ್ತಿರ ಹೋಗಿ ಕೆಂಪಮ್ಮನಿಗೆ ವಿಷಯ ಹೇಳಿದೆ. ನಾಳೆ ತಾತ ಬರುತ್ತಾರೆ, ಮನೆಯಲ್ಲಿ ಏನೂ ಬೇಯಿಸುವುದಿಲ್ಲವಂತೆ, ಅಜ್ಜಿ ಹಬ್ಬ ಬೇಡ ಅಂದಳು ಎಂದೆ. ಕೆಂಪಮ್ಮ ಅವರೆಬೇಳೆ ಕೇರುತ್ತಿದ್ದಳು. ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಯಾರು ಹೇಳಿದರು ಎಂದು ಕೇಳಿದಳು. ಹಾಲುತುಪ್ಪ ನಾಳೆ ಅಲ್ಲವಾ ಎಂದೆ.

"ಆಯ್ತು ಬುಡವ್ವ. ಬರೋರು ಬರ್ಲಿ. ಅಡ್ಗೆ ಚಿಂತೆ ನಂಗೆ ಬುಡು."

ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಮೊರ ಎತ್ತಿಕೊಂಡಳು.

ಭಾನುವಾರ ನಸುಕಿನಲ್ಲಿ ಎಲ್ಲರೂ ಪೂಜೆಗೆ ಹೋದೆವು. ಅಜ್ಜಿಯೂ ಬಂದಳು, ಹಾಲುತುಪ್ಪಕ್ಕೆ ಗುಡಿಯಿಂದಲೇ ನೇರವಾಗಿ ಹೋಗಬೇಕಿತ್ತು. ಬುಟ್ಟಿಯಲ್ಲಿ ಹಾಲು, ತುಪ್ಪ, ಬಾಳೆಹಣ್ಣು, ತಾತನಿಗೆ ಇಷ್ಟವಾದ ಖಾರಾಬೂಂದಿಯ ಪೊಟ್ಟಣ. ನನ್ನನ್ನು ಕರೆದುಕೊಂಡು ಹೋಗುವುದು ಬೇಡ ಎಂದು ದೊಡ್ಡಜ್ಜಿ ಅಂದಿದ್ದಳು. ನಾನು ಅಜ್ಜಿಯ ಸೆರಗು ಬಿಟ್ಟಿರಲಿಲ್ಲ. ಪೂಜೆಯಲ್ಲಿ ಸ್ವಾಮಿಗಳು ಮಹಿಮೆಯ ಹಾಡು ಎತ್ತಿದ ಕೂಡಲೇ ಗುಡಿಯ ಗಂಟೆ ಹೊಡೆಯಿತು. ಗುರುವಾರದಿಂದ ಕಟ್ಟಿಟ್ಟಿದ್ದ ಗಂಟೆ ಅದು, ನಿಲ್ಲಿಸುವ ಹಾಗೇ ಕಾಣಲಿಲ್ಲ. ಗುಡಿ ನೋಡಿಕೊಳ್ಳುವ ಉಪದೇಶಿಯ ಮಗ ಹಗ್ಗಕ್ಕೆ ಜೋತುಬಿದ್ದು ಎಳೆಯುತ್ತಿದ್ದ. ಹಾಡು ಮುಗಿದರೂ ಎಳೆಯುತ್ತಲೇ ಇದ್ದ. ಅಜ್ಜಿ ತಲೆ ಎತ್ತಿದಳು. ದೊಡ್ಡಜ್ಜಿಯ ಕಡೆ ತಿರುಗಿ, ಗಂಟೆ ಕೇಳಿಸಿತಾ ಎಂದು ಕಣ್ಣಿನಲ್ಲೇ ಕೇಳಿದಳು. ದೊಡ್ಡಜ್ಜಿ ತಲೆಯಾಡಿಸಿ ಸೆರಗು ಬಾಯಿಗೆ ಒತ್ತಿಕೊಂಡಳು. ಮೂರು ದಿನದಲ್ಲಿ ಅಜ್ಜಿಯ ಮುಖದಲ್ಲಿ ಒಂದು ಚೂರು ಚಲನೆ ಕಂಡದ್ದು ಅದೇ ಮೊದಲು. ಸತ್ತವನ ಗಂಟೆಯೂ ಎದ್ದವನ ಗಂಟೆಯೂ ಕೂಡಿ ಹೊಡೆಯಿತು ಎಂದು ದೊಡ್ಡಜ್ಜಿ ಬಹಳ ವರ್ಷ ಎಲ್ಲರಿಗೂ ಹೇಳುತ್ತಿದ್ದಳು.

ಕೆರೆ ಏರಿಯ ಮೇಲೆ ಸಾಲಾಗಿ ನಡೆದೆವು. ಬೆಳಕು ಆಗಷ್ಟೇ ನೀರಿಗೆ ಬಂದಿತ್ತು. ನಾನು ಮುಂದೆ ಓಡಿ ಓಡಿ ನೋಡುತ್ತಿದ್ದೆ, ತಾತ ಎದುರಿಗೇ ಬಂದುಬಿಟ್ಟರೆ ಮೊದಲು ನಾನೇ ಕಾಣಬೇಕೆಂದು. ಹಸು ಹೊಡೆದುಕೊಂಡು ಹೋಗುವ ಒಬ್ಬರು ಎದುರಾದರು, ಬೇರೆ ಯಾರೂ ಇಲ್ಲ. ಸಮಾಧಿಯ ಹತ್ತಿರ ಹೋದಾಗ ಕಂಡದ್ದು ಹಸಿ ಮಣ್ಣಿನ ದಿಬ್ಬ. ನರಿ ನಾಯಿ ಕೆದಕದಿರಲಿ ಎಂದು ಅದರ ಮೇಲೆ ಜಾಲಿಯ ಕೊಂಬೆ ಹಾಸಿ, ಕೊಂಬೆಯ ಮೇಲೆ ಕಲ್ಲು ಹೇರಿದ್ದರು. ನಾನು ದಿಬ್ಬದ ಸುತ್ತ ಒಂದು ಸಲ ನಡೆದೆ. ಕಲ್ಲು ಸರಿದಿರಲಿಲ್ಲ. ಮುಳ್ಳು ಮುರಿದಿರಲಿಲ್ಲ. ಮಣ್ಣಿನಲ್ಲಿ ಇದ್ದದ್ದು ಶುಕ್ರವಾರದವರ ಪಾದದ ಗುರುತು, ಎಲ್ಲವೂ ಊರ ಕಡೆಗೆ ಹೋದವು, ಮೇಲೆ ಇಬ್ಬನಿ ಕೂತಿತ್ತು. ಅಪ್ಪ ಮೊದಲು ಹಾಲು ಬಿಟ್ಟ. ಅಜ್ಜಿ ತುಪ್ಪ ಬಿಟ್ಟಳು. ಅದು ಕಲ್ಲಿನ ಮೇಲೆ ಹೆಪ್ಪುಗಟ್ಟಿ ನಿಂತಿತು. ನನ್ನ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು. ಆ ತಣ್ಣನೆ ನನಗೆ ಇವತ್ತಿಗೂ ಗುರುತಿದೆ, ಆಮೇಲೆ ಬದುಕಿನಲ್ಲಿ ಅದು ಬಂದಾಗೆಲ್ಲ ಇದು ಅದೇ ಎಂದು ಗೊತ್ತಾಗುತ್ತದೆ. ನಾನು ಚೀಲದಿಂದ ಚಪ್ಪಲಿ ತೆಗೆದು ದಿಬ್ಬದ ಕಾಲ ಕಡೆ ಇಟ್ಟೆ. ಬಾಗಿಲಲ್ಲಿ ಇಟ್ಟ ಹಾಗೇ, ಹೊರಗಡೆಗೆ ಮುಖ ಮಾಡಿ.

ಅಪ್ಪ ಗದರಿಸಲು ಬಾಯಿ ತೆರೆದ. ಅಜ್ಜಿ ಕೈ ಅಡ್ಡ ಹಿಡಿದಳು.

"ಚಪ್ಲಿ ಯಾಕವ್ವ ತಂದೆ?"

"ತಾತ ಬರಿಗಾಲಲ್ಲಿ ಎಂಗೆ ಬತ್ತಾರೆ? ದಾರೀಲೆಲ್ಲ ಮುಳ್ಳು."

ದೊಡ್ಡಜ್ಜಿಯ ಗಂಟಲಿನಿಂದ ಅಳುವಿನ ಸ್ವರ ಹೊರಟಿತು. ಅಜ್ಜಿ ಅವಳ ಕಡೆ ನೋಡಲಿಲ್ಲ. ಹಸಿ ಮಣ್ಣಿನ ಮೇಲೆ ನನ್ನ ಎದುರಿಗೆ ಕೂತಳು.

"ಮೂರ್ನೇ ದಿನ ಇವತ್ತೇ ಅಲ್ವಾ ಅಜ್ಜಿ?"

"ಇವತ್ತೇ ಕಣವ್ವ."

"ಮತ್ತೆ ಕಲ್ಲು ಅಂಗೇ ಅದೆ."

ಅವಳು ಕಲ್ಲನ್ನು ನೋಡಿದಳು, ಚಪ್ಪಲಿಯನ್ನು ನೋಡಿದಳು. ಏನು ಹೇಳುತ್ತಾಳೋ ಎಂದು ಅಪ್ಪ, ಅವ್ವ, ದೊಡ್ಡಜ್ಜಿ ಎಲ್ಲರೂ ಕಾಯುತ್ತಿದ್ದರು. ಈಗ ಯೋಚಿಸಿದರೆ, ಅವರಿಗೂ ಆ ಉತ್ತರ ನನ್ನಷ್ಟೇ ಬೇಕಾಗಿತ್ತು. ಅಜ್ಜಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡು ಪುಡಿ ಮಾಡಿದಳು. ಅವಳು ನನ್ನನ್ನು ಸಮಾಧಾನ ಮಾಡಲು ಕಥೆ ಕಟ್ಟುತ್ತಿರಲಿಲ್ಲ. ತನಗೇ ಏನು ಗೊತ್ತು, ಎಷ್ಟು ಗೊತ್ತು ಎಂದು ಹುಡುಕುತ್ತಿದ್ದಳು.

"ನಿಮ್ ತಾತ್ನ ನಾನು ಯಾವತ್ತಾದ್ರೂ ಒಂದೇ ಕೂಗ್ಗೆ ಎಬ್ಸಿದ್ದೀನಾ?"

ಇಲ್ಲ ಎಂದು ತಲೆಯಾಡಿಸಿದೆ.

"ಮದ್ವೆ ಆದಾಗಿಂದ ಕೂಗ್ತಾ ಇವ್ನಿ. ಗುರುವಾರಾನೂ ಕೂಗ್ದೆ. ನನ್ ಕೈಲಾಗ್ನಿಲ್ಲ. ಅದು ನನ್ ಕೆಲ್ಸ ಅಲ್ಲ ಕಣವ್ವ. ಮೊದ್ಲು ಸ್ವಾಮಿ ಎದ್ದವ್ರೆ. ಮಿಕ್ಕೋರ್ನ ಒಬ್ಬೊಬ್ರನ್ನೇ ಎಸ್ರಿಡ್ದು ಕರೀತಾರೆ, ಮರಿಯಮ್ಮನ್ನ ಕರುದ್ರಲ್ಲ, ಅಂಗೆ. ನಿಮ್ ತಾತ್ನೂ ಕರೀತಾರೆ. ಅವ್ರು ಕರುದ್ರೆ ಈ ಮನುಷ್ಯ ಒಂದೇ ಕೂಗ್ಗೆ ಎದ್ದು ಕೂತ್ಕತ್ತಾರೆ, ನೋಡ್ತಿರು. ನಂಗಿರೋದು ಅದೊಂದೇ ಒಟ್ಟೆಕಿಚ್ಚು."

ಕೊನೆಯ ಮಾತು ಹೇಳುವಾಗ ಅವಳ ಬಾಯಿಯ ಒಂದು ಪಕ್ಕ ಎಳೆಯಿತು. ಅದು ಅಳು ಅಂದುಕೊಂಡೆ. ಅಲ್ಲ, ನಗು. ತಡೆಯಲು ನೋಡಿದಳು, ಆಗಲಿಲ್ಲ. ಅವ್ವನೂ ನಕ್ಕಳು. ಅಳುತ್ತಿದ್ದ ದೊಡ್ಡಜ್ಜಿ, ಚಿಕ್ಕವನಿದ್ದಾಗ ಇವನನ್ನು ಎಬ್ಬಿಸ ಹೋಗಿ ನಾನು ಸೋತು ಅವನ ಪಕ್ಕವೇ ಮಲಗಿಬಿಡುತ್ತಿದ್ದೆ ಎಂದು ಹೇಳಿ ಅಳುತ್ತಲೇ ನಕ್ಕಳು. ಕಣ್ಣೀರಿಗೂ ನಗುವಿಗೂ ಒಂದೇ ಸೆರಗು. ನನಗೆ ಒಂದು ವಿಷಯ ಸ್ಪಷ್ಟವಾಯಿತು: ತಾತ ಬರುವುದಿಲ್ಲ ಎಂದು ಅಜ್ಜಿ ಹೇಳಲಿಲ್ಲ. ಇನ್ನೂ ಕರೆದಿಲ್ಲ ಎಂದಳು, ಅಷ್ಟೇ. ಹೊಟ್ಟೆಯ ತಣ್ಣನೆ ಪೂರ್ತಿ ಹೋಗಲಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಬೆಚ್ಚಗಿನದು ಬಂದು ಕೂತಿತು. ಎರಡೂ ಅಲ್ಲೇ ಇವೆ. ಅಜ್ಜಿ ಚಪ್ಪಲಿಯ ಮಣ್ಣು ಒರೆಸಿ ನನ್ನ ಚೀಲಕ್ಕೆ ಹಾಕಿದಳು. ಖಾರಾಬೂಂದಿಯ ಪೊಟ್ಟಣ ಬಿಚ್ಚಿ ಕಲ್ಲಿನ ಮೇಲೆ ಇಟ್ಟು, ಒಂದು ಹಿಡಿ ನನ್ನ ಕೈಗೂ ಹಾಕಿದಳು.

ಮನೆಗೆ ಬಂದಾಗ ಬಿಸಿಲು ಏರಿತ್ತು. ಹಿತ್ತಲಿಗೆ ಕಾಲು ತೊಳೆಯಲು ಹೋದರೆ ಗೋಡೆಯ ಕುಸಿದ ಜಾಗದಲ್ಲಿ ಪೊರಕೆ ಹಿಡಿದು ಕೆಂಪಮ್ಮ ನಿಂತಿದ್ದಳು. ಅವಳ ಅಂಗಳ ಆಗಲೇ ಗುಡಿಸಿ, ಸಾರಿಸಿ, ಒಣಗಿತ್ತು. ನಾವು ಬರುವ ದಾರಿ ಕಾಯುತ್ತಾ ಎಷ್ಟು ಹೊತ್ತಿನಿಂದ ಆ ಪೊರಕೆ ಹಿಡಿದಿದ್ದಳೋ.

"ಏನ್ ಆರೋಗ್ಯಕ್ಕ, ಇಷ್ಟೊತ್ತಾದ್ರೂ ನಂಗ್ಯಾರೂ ಸುದ್ದಿನೇ ಕೊಡ್ನಿಲ್ಲ. ನಿಮ್ ಸ್ವಾಮಿ ಈ ವರ್ಸ ಏಳ್ನಿಲ್ವಾ?"

ಆರೋಗ್ಯಮ್ಮ ನನ್ನ ಅಜ್ಜಿಯ ಹೆಸರು. ಅವಳು ಚೊಂಬು ಹಿಡಿದು ನಿಂತಲ್ಲೇ ನಿಂತಳು. ಕೇಳಿದವಳು ಹಿಂದೂ ಹೆಂಗಸು. ಕೇಳಿದ್ದು ತಮಾಷೆಗೆ ಅಲ್ಲ, ಅವಳ ಕಣ್ಣು ತುಂಬಿತ್ತು. ಆ ಪ್ರಶ್ನೆಗೆ ಇಲ್ಲ ಎಂದು ಹೇಳಲು ಅಜ್ಜಿಗೆ ಸಾಧ್ಯವಿರಲಿಲ್ಲ, ಸುಮ್ಮನಿದ್ದರೆ ಅದೂ ಇಲ್ಲ ಎಂದ ಹಾಗೇ. ಗುರುವಾರದಿಂದ ಅವಳು ಅಂಜಿದ್ದ ಮಾತು ಅದೇ ಇರಬೇಕು. ನಾನು ಅವಳ ಸೆರಗು ಜಗ್ಗಿದೆ.

"ಎದ್ದವ್ರೆ ಕಣ್ ಕೆಂಪಮ್ಮ." ಧ್ವನಿ ನಡುವೆ ಒಡೆಯಿತು. ಚೊಂಬನ್ನು ಗೋಡೆಯ ಮೇಲಿಟ್ಟು ಇನ್ನೊಂದು ಸಲ ಹೇಳಿದಳು. "ಸ್ವಾಮಿ ಎದ್ದವ್ರೆ."

"ಗೊತ್ತು ಬುಡಕ್ಕ. ವೋದ್ವರ್ಸಾನೂ ಎದ್ದಿದ್ರಲ್ಲ." ಕೆಂಪಮ್ಮ ಪೊರಕೆಯಿಂದ ತನ್ನ ಮನೆಯ ಕಡೆ ತೋರಿಸಿದಳು. "ಎದ್ದೇ ಏಳ್ತಾರೆ ಅಂತ ರಾತ್ರೀನೇ ಹುಂಜ್ನ ಕುಕ್ಕೆ ಮುಚ್ಚಿ ಮಡಗಿದ್ದೆ. ಮಸಾಲೆ ಅರ್ದಾಗದೆ. ಉಣ್ಣಾಕೆ ಬನ್ನಿ."

ಆಮೇಲೆ ಅಜ್ಜಿ ನನ್ನ ಕೈ ಹಿಡಿದು, ಎಲ್ಲಿಂದ ಶುರು ಮಾಡುತ್ತಿದ್ದರು ನಿನ್ನ ತಾತ ಎಂದು ಕೇಳಿದಳು. ಅಷ್ಟು ವರ್ಷ ಆ ಹೊತ್ತಿನಲ್ಲಿ ಅವಳು ಅಡುಗೆಮನೆಯಲ್ಲಿ ಮಸಾಲೆ ಅರೆಯುತ್ತಿದ್ದಳು, ಅವಳಿಗೆ ಗೊತ್ತಿರಲಿಲ್ಲ. ನಾನು ಅವಳನ್ನು ಒಲೆಯ ಹತ್ತಿರ ಕರೆದುಕೊಂಡು ಹೋದೆ, ಒರಳಿನ ಹತ್ತಿರ, ಕೊಟ್ಟಿಗೆಗೆ. ಹಸುವಿನ ಕಿವಿಯಲ್ಲಿ ಹೇಳಲು ಅವಳಿಗೆ ನಾಚಿಕೆಯಾಯಿತು, ಆದರೂ ಹೇಳಿದಳು. ಕೋಳಿಗಳಿಗೆ ಹೇಳುವಾಗ, ಕೆಂಪಮ್ಮನ ಹುಂಜಕ್ಕೆ ಈ ಸುದ್ದಿ ಅಷ್ಟು ಒಳ್ಳೆಯದಾಗಲಿಲ್ಲ ಎಂದಳು. ಹಲಸಿನ ಬೊಡ್ಡೆ ತಟ್ಟಿದಳು. ಬ್ಯಾರನ್ನಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದೆವು. ಹಳೆಯ ಸೊಪ್ಪಿನ, ತಣ್ಣನೆಯ ಬೂದಿಯ ವಾಸನೆ, ತಾತನ ಮೈಯ ವಾಸನೆಯೂ ಅದೇ. ಅಜ್ಜಿ ಕತ್ತಲಲ್ಲಿ, ತಾತ ಮಾಡುತ್ತಿದ್ದ ಹಾಗೇ, ಮುಖ ಮೇಲೆತ್ತಿ ಕೂಗಿದಳು. ಊರನ್ನೇ ಎಬ್ಬಿಸುವ ಅವಳ ಆ ಹಳೆಯ ಗಂಟಲು, ಪ್ರತಿ ಬೆಳಿಗ್ಗೆಯ ಗಂಟಲು. ಗೋಡೆಗಳು ನಾಲ್ಕೂ ಕಡೆಯಿಂದ ಅದನ್ನೇ ಹೇಳಿದವು. ಅವಳು ಬೆಚ್ಚಿಬಿದ್ದು, ನಗುತ್ತಾ ನನ್ನ ಭುಜ ಹಿಡಿದುಕೊಂಡಳು. ಇನ್ನೊಂದು ಸಲ ಕೂಗು ಎಂದೆ. ಕೂಗಿದಳು.

ಹನ್ನೊಂದನೇ ದಿನದವರೆಗೆ ಸಾವಿನ ಮನೆಯಲ್ಲಿ ಬಾಡು ಬೇಯಿಸುವಂತಿಲ್ಲ ಎಂದು ದೊಡ್ಡಜ್ಜಿ ಎಚ್ಚರಿಸಿದಳು. ಆದರೆ ಬೇಯಿಸಿದ್ದು ಕೆಂಪಮ್ಮನ ಒಲೆಯಲ್ಲಿ, ನಮ್ಮ ಒಲೆಯಲ್ಲಿ ಅಲ್ಲವಲ್ಲ ಎಂದು ಅವಳೇ ದಾರಿಯನ್ನೂ ಹುಡುಕಿದಳು. ಎಲ್ಲರೂ ಕೆಂಪಮ್ಮನ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡೆವು. ಹುಂಜದ ಸಾರಿಗೆ ಎರಡನೇ ಸಲ ಮುದ್ದೆ ಕೇಳಿದವಳು ದೊಡ್ಡಜ್ಜಿ ಒಬ್ಬಳೇ. ಅಜ್ಜಿಯೂ ಉಂಡಳು. ಒಂದು ಎಲೆಯನ್ನು ಕೆಂಪಮ್ಮ ಹೆಚ್ಚಾಗಿ ಹಾಕಿ, ಅದಕ್ಕೂ ಒಂದು ಮುದ್ದೆ ಬಡಿಸಿ, ನನ್ನ ಕಡೆ ನೋಡಿದಳು. ಅಡುಗೆಯ ಚಿಂತೆ ತನಗೆ ಬಿಡು ಎಂದಿದ್ದಳಲ್ಲ, ಮಾತು ಉಳಿಸಿಕೊಂಡಿದ್ದಳು.

ನನಗೀಗ ವಯಸ್ಸಾಗಿದೆ, ಹುಣಸೂರಿನಲ್ಲಿ ಮನೆ. ಪುನರುತ್ಥಾನದ ಬಗ್ಗೆ ದೊಡ್ಡವರ ಪ್ರಸಂಗಗಳನ್ನು ಬಹಳ ಕೇಳಿದ್ದೇನೆ, ಒಂದಷ್ಟು ಓದಿದ್ದೇನೆ. ನನ್ನ ನಂಬಿಕೆ ಅವುಗಳಿಂದ ಬಂದದ್ದಲ್ಲ. ಅದು ಒಂದು ಹಸಿ ಮಣ್ಣಿನ ದಿಬ್ಬದ ಪಕ್ಕದಲ್ಲಿ, ಕಲ್ಲು ಸರಿಯದೇ ಇದ್ದ ಬೆಳಿಗ್ಗೆ, ಹೊಟ್ಟೆಕಿಚ್ಚಿನಿಂದ ನಕ್ಕ ಹೆಂಗಸಿನಿಂದ ಬಂದದ್ದು. ಪಾಸ್ಕಕ್ಕೆ ಈಗಲೂ ಊರಿಗೆ ಹೋಗುತ್ತೇನೆ. ಮನೆ ನನ್ನ ತಮ್ಮನ ಮಕ್ಕಳಿಂದ ತುಂಬಿದೆ. ಒಲೆಯ ಜಾಗದಲ್ಲಿ ಗ್ಯಾಸು ಬಂದಿದೆ, ಒರಳಿನ ಜಾಗದಲ್ಲಿ ಮಿಕ್ಸಿ. ಮಕ್ಕಳು ಅವಕ್ಕೂ ಸುದ್ದಿ ಹೇಳುತ್ತಾರೆ, ಟ್ರ್ಯಾಕ್ಟರಿನ ಹಾರನ್ ಒತ್ತಿ ಅದರಿಂದಲೂ ಹೇಳಿಸುತ್ತಾರೆ. ಗೋಡೆಯ ಆಚೆ ಕೆಂಪಮ್ಮನ ಸೊಸೆ, ಹೋದ ವರ್ಷವೂ ಎದ್ದಿದ್ದರಲ್ಲ ಅನ್ನುತ್ತಾಳೆ.

ಅಂದು ಊಟ ಮುಗಿಸಿ ಬಂದ ಮೇಲೆ ಅಜ್ಜಿ ಚೀಲದಿಂದ ಚಪ್ಪಲಿ ತೆಗೆದು ಬಾಗಿಲ ಪಕ್ಕ ಅದೇ ಜಾಗದಲ್ಲಿ, ಹೊರಗಡೆಗೆ ಮುಖ ಮಾಡಿ ಇಟ್ಟಳು. ಸತ್ತವರ ಚಪ್ಪಲಿ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ದೊಡ್ಡಜ್ಜಿ ಅಂದಳು.

"ಇರ್ಲಿ ಬುಡಿ ಅತ್ಗೆ. ಎದ್ದು ಬಂದಾಗ ನನ್ ಚಪ್ಲಿ ಎಲ್ಲಿ ಅಂತ ಮನೆಯೆಲ್ಲ ಕೂಗಾಡ್ತಾರೆ."

ಈಗ ಅಲ್ಲಿ ಎರಡು ಜೊತೆ ಇವೆ, ತಾತನದರ ಪಕ್ಕ ಅಜ್ಜಿಯದು. ನನ್ನ ತಮ್ಮನ ಹೆಂಡತಿ ಬೆಳಿಗ್ಗೆ ಗುಡಿಸುವಾಗ ಎರಡನ್ನೂ ಎತ್ತಿ, ಕೆಳಗೆ ಗುಡಿಸಿ, ಮತ್ತೆ ಹೊರಗಡೆಗೆ ಮುಖ ಮಾಡಿ ಇಡುತ್ತಾಳೆ.